ಬೆಳಕಿನ ಊರಿನ ಚಿತ್ರಗಳಲ್ಲಿ ಕಾಣದ ಹೆಂಗಸರು

ಮಳವಳ್ಳಿ ಕಡೆಯಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಸತ್ತೇಗಾಲದ ಹತ್ತಿರ ಕಾವೇರಿ ಕಾಣಿಸುತ್ತಾಳೆ. ಮಳೆಗಾಲದಲ್ಲಿ ಕೆಂಪಗೆ ತುಂಬಿಕೊಂಡು, ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣ ಸಣ್ಣ ಧಾರೆಗಳಾಗಿ. ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಶಿವನಸಮುದ್ರದ ಕಡೆ ಹೊರಡುವವರಲ್ಲಿ ಜಲಪಾತ ನೋಡುವವರಿದ್ದಾರೆ, ಮಧ್ಯರಂಗನ ಗುಡಿಗೆ ಹೋಗುವವರಿದ್ದಾರೆ, ಹಜ್ರತ್ ಮರ್ದಾನೆ ಗೈಬ್ ದರ್ಗಾಕ್ಕೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಿರಿಯಾನಿ ಡೇಗೆಯ ಸಮೇತ ಹೊರಟವರೂ ಇದ್ದಾರೆ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಈ ಸೀಮೆಯಲ್ಲಿ "ಎಲ್ಲಿಗೆ ಹೊರಟಿರಿ?" ಎಂದರೆ ಬರುತ್ತಿದ್ದ ಇನ್ನೊಂದು ಉತ್ತರವಿತ್ತು: "ಬ್ಲಫ್ಫಿಗೆ, ಕೆಲಸಕ್ಕೆ."

ಇಂದಿನ ಮಕ್ಕಳಿಗೆ ಬ್ಲಫ್ ಎಂದರೆ ಸುಳ್ಳು ಹೇಳುವುದು. ಇಂಗ್ಲಿಷಿನಲ್ಲಿ ಆ ಮಾತಿಗೆ ಕಡಿದಾದ ಬಂಡೆ ಎಂಬ ಅರ್ಥವೂ ಇದೆ. ಗಗನಚುಕ್ಕಿಯ ಬದಿಯ ಆ ಬಂಡೆಯ ಬುಡದಲ್ಲೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೇಂದ್ರ ಶುರುವಾಯಿತು. ಅದರ ಮೇಲಿನ ಕಾಲೋನಿಗೂ ಬ್ಲಫ್ ಎಂಬ ಹೆಸರೇ ಉಳಿಯಿತು.

ಆ ಕಥೆಯನ್ನು ಬಹಳ ಜನ ಬರೆದಿದ್ದಾರೆ. ಆದ್ದರಿಂದ ಇಲ್ಲಿ ಚಿಕ್ಕದಾಗಿ ಹೇಳಿ ಮುಂದೆ ಹೋಗೋಣ. ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರ ನಡೆಸಲು ಶಕ್ತಿ ಬೇಕಿತ್ತು. ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಯೋಜನೆ ಹಾಕಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ ವಿದ್ಯುತ್ ಯಂತ್ರ ಬಂತು, ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪೆನಿಯಿಂದ ನೀರಿನ ಚಕ್ರಗಳು ಬಂದವು. ಆ ಭಾರದ ಸಾಮಾನುಗಳನ್ನು ರೈಲು ಇಳಿಸಿದ ಮೇಲೆ ಎತ್ತುಗಳೂ ಆನೆಗಳೂ ಎಳೆದು ತಂದವು. ನದಿಗೆ ಮೇಲ್ಭಾಗದಲ್ಲಿ ಅಡ್ಡಗಟ್ಟೆ ಹಾಕಿ, ಕಾಲುವೆಯಲ್ಲಿ ನೀರು ಹರಿಸಿ, ದಪ್ಪ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಗೆ ಬೀಳಿಸಿ ಚಕ್ರ ತಿರುಗಿಸಿದರು. 1902ರ ಜೂನ್ ಕೊನೆಗೆ 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ದೂರದ ಕೋಲಾರಕ್ಕೆ ತಂತಿಯಲ್ಲಿ ವಿದ್ಯುತ್ ಹರಿಯಿತು. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳ ಸಾಲಿನಲ್ಲಿ ಅದೂ ಒಂದು. ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ಗಣಿಗಳಿಗೆ ವರ್ಷವಿಡೀ ತಡೆಯಿಲ್ಲದೆ ವಿದ್ಯುತ್ ಕೊಡಲು ನೀರು ಕೂಡಿಡಬೇಕಾಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಇದ್ದ ಕಾರಣಗಳಲ್ಲಿ ಅದೂ ಒಂದು. ಯಾವ ಗಣಿಗಾಗಿ ಇಷ್ಟೆಲ್ಲ ನಡೆಯಿತೋ ಆ ಗಣಿ 2001ರಲ್ಲಿ ಮುಚ್ಚಿಹೋಯಿತು. ಕಾವೇರಿಯ ನೀರು ಬೀಳುತ್ತಲೇ ಇದೆ.

ತಂತಿ ಮೊದಲು ಹೋದದ್ದು ದೂರದೂರಿಗೆ. ತಂತಿಯ ಬುಡದ ಹಳ್ಳಿಗಳಲ್ಲಿ ಬಹಳ ವರ್ಷ ಚಿಮಣಿ ದೀಪವೇ ಉರಿಯಿತು. ಈ ಸೀಮೆಯ ಅಜ್ಜಿಯಂದಿರಿಗೆ ಲಾಟೀನಿನ ಗಾಜನ್ನು ಬೂದಿಯಿಂದ ಒರೆಸಿದ ನೆನಪು ಇನ್ನೂ ಇದೆ.

ಚಿತ್ರದೊಳಗೆ ಯಾರಿದ್ದಾರೆ?

ವಿದ್ಯುತ್ ಕೇಂದ್ರದ ಹಳೆಯ ಚಿತ್ರಗಳನ್ನು ನೀವು ಎಲ್ಲಿಯಾದರೂ ನೋಡಿರಬಹುದು. ಇಳಿಜಾರಿನಲ್ಲಿ ಸಾಲಾಗಿ ಮಲಗಿದ ಕೊಳವೆಗಳು, ಸಾಲು ಯಂತ್ರಗಳ ಪಕ್ಕ ಟೋಪಿ ಹಾಕಿದ ದೊರೆಗಳು, ಪೇಟ ಸುತ್ತಿದ ಅಧಿಕಾರಿಗಳು, ಹಿಂದೆ ಬರಿಗಾಲಿನ ಕೂಲಿಗಳು. ಮುಂದೆ ಕೂತವರ ಹೆಸರು ಕೆಳಗೆ ಅಚ್ಚಾಗಿರುತ್ತದೆ. ಹಿಂದೆ ನಿಂತವರ ಹೆಸರಿಲ್ಲ. ಹೆಂಗಸರಂತೂ ಚಿತ್ರದಲ್ಲೇ ಇಲ್ಲ. ಸಾವಿರಾರು ಜನ ಕೂಲಿಯಿದ್ದ ಕಾಮಗಾರಿಯದು. ಮಂಕರಿ ಹೊತ್ತವರು, ಚಳಿಜ್ವರದಲ್ಲಿ ನಡುಗುವ ಗಂಡನಿಗೆ ಗಂಜಿ ಕಾಯಿಸಿದವರು ಯಾರು? ಶಿವನಸಮುದ್ರದ ಕಾಡು ಮಲೇರಿಯಕ್ಕೆ ಕುಖ್ಯಾತವಾಗಿತ್ತು. ಆ ಜ್ವರದ ಚಿತ್ರವನ್ನೂ ಯಾರೂ ತೆಗೆಯಲಿಲ್ಲ.

ನಮ್ಮ ಮನೆಗಳ ಒಳಗಿನ ಆಲ್ಬಮ್‌ಗಳಿಗೆ ಬಂದರೂ ಕಥೆ ಹೆಚ್ಚು ಬೇರೆಯಲ್ಲ. ಶೇರ್ವಾನಿ ತೊಟ್ಟು ಕುರ್ಚಿಯಲ್ಲಿ ಕೂತ ದಾದಾ, ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಕೈಕಟ್ಟಿ ನಿಂತ ಚಿಕ್ಕಪ್ಪ, ಮದ್ರಸದ ಜಲ್ಸಾದಲ್ಲಿ ಸಾಲಾಗಿ ನಿಂತ ಟೋಪಿಯ ಹುಡುಗರು. ದಾದಿಯ ಚಿತ್ರ ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪರ್ದಾ ಒಂದು ಕಾರಣ. ಚಿತ್ರ ತೆಗೆಸುವುದು ಸರಿಯೇ ಎಂಬ ಅಳುಕು ಇನ್ನೊಂದು. ಆ ಬಗ್ಗೆ ಉಲಮಾಗಳಲ್ಲೇ ಬೇರೆ ಬೇರೆ ಅಭಿಪ್ರಾಯಗಳಿದ್ದವು. ಮೂರನೆಯದು ಖರ್ಚು. ಸ್ಟುಡಿಯೋಗೆ ಹೋಗಬೇಕಾದರೆ ಕೊಳ್ಳೇಗಾಲಕ್ಕೆ ಗಾಡಿ ಕಟ್ಟಬೇಕಿತ್ತು. ಅಷ್ಟು ಖರ್ಚು ಮಾಡಿದಾಗ ಕುರ್ಚಿಯಲ್ಲಿ ಕೂರುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಲದವರನ್ನು ದೂರಲು ನಾನಿದನ್ನು ಬರೆಯುತ್ತಿಲ್ಲ. ಆದರೆ ಇದರ ಫಲ ಏನಾಯಿತೆಂದರೆ, ಎಷ್ಟೋ ಮನೆಗಳಲ್ಲಿ ಅಜ್ಜಿಯ ಮೊದಲ ಮತ್ತು ಕೊನೆಯ ಚಿತ್ರ ಇರುವುದು ಹಜ್‌ನ ಕಾಗದಪತ್ರದಲ್ಲಿ. ಅದೂ ಇಲ್ಲದಿದ್ದರೆ 1993ರ ನಂತರ ಬಂದ ಮತದಾರರ ಗುರುತಿನ ಚೀಟಿಯಲ್ಲಿ. ಅರವತ್ತು ಎಪ್ಪತ್ತು ವರ್ಷ ಬಾಳಿದವಳು ಅಂಚೆಚೀಟಿ ಗಾತ್ರದ ಕಪ್ಪು ಬಿಳುಪಿನಲ್ಲಿ, ಅದೂ ಕಣ್ಣು ಅರೆಮುಚ್ಚಿದ ಗಳಿಗೆಯಲ್ಲಿ!

ಹಳೆಯ ಮದುವೆಯೊಂದರ ಗುಂಪು ಚಿತ್ರವನ್ನು ಈ ಭಾಗದ ವೃದ್ಧೆಯೊಬ್ಬರ ಕೈಗೆ ಕೊಟ್ಟು ಕೂತಿದ್ದೆ. ದುಲ್ಹಾನ ಸುತ್ತ ಇಪ್ಪತ್ತು ಗಂಡಸರು. ಅವರು ಕನ್ನಡಕ ಸರಿಮಾಡಿಕೊಂಡು ಗಂಡಸರನ್ನೆಲ್ಲ ಬಿಟ್ಟು ಹಿಂದಿನ ಬಾಗಿಲಿನ ಮೇಲೆ ಬೆರಳಿಟ್ಟರು. ಅಲ್ಲಿ ಪರದೆಯ ಅಂಚು ಹಿಡಿದ ಒಂದು ಕೈ, ಮೊಣಕೈವರೆಗೆ ಗಾಜಿನ ಬಳೆ. "ಇದು ನಮ್ಮ ಭಾಬಿ. ನೋಡಬೇಡ ಅಂದರೂ ಕೇಳುತ್ತಿರಲಿಲ್ಲ" ಎಂದು ನಕ್ಕರು. ಆಮೇಲೆ ಅರ್ಧ ಗಂಟೆ ಆ ಭಾಬಿಯ ಮಾತೇ: ಎಲ್ಲಿಂದ ಬಂದಳು, ರೇಷ್ಮೆ ಗೂಡು ಮಾರಿ ಹೇಗೆ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದಳು, ಹೊಳೆ ತುಂಬಿದಾಗ ತವರಿಗೆ ಹೋಗಲಾಗದೆ ಹೇಗೆ ಅತ್ತಳು. ಅಷ್ಟೂ ಇತಿಹಾಸ ಒಂದು ಕೈಯಲ್ಲಿತ್ತು. ಚಿತ್ರದ ಹಿಂಬದಿಯಲ್ಲಿ ದುಲ್ಹಾನ ಹೆಸರು ಮಾತ್ರ ಬರೆದಿತ್ತು.

ಹೊಳೆ ದಾಟಿದರೆ ಬೇರೆ ರಾಜ್ಯ

ಚಿತ್ರ ಇಲ್ಲದ ಕಡೆ ವಸ್ತುಗಳು ಮಾತಾಡುತ್ತವೆ. ಆದರೆ ಅವುಗಳ ಮಾತು ಅರ್ಥವಾಗಬೇಕಾದರೆ ಈ ಊರಿನ ಒಂದು ಸಂಗತಿ ತಿಳಿದಿರಬೇಕು. ಟಿಪ್ಪು ಸುಲ್ತಾನರು 1799ರಲ್ಲಿ ಹುತಾತ್ಮರಾದ ಮೇಲೆ ಕೊಳ್ಳೇಗಾಲದ ಸೀಮೆ ಇಂಗ್ಲಿಷರ ಪಾಲಾಗಿ ಮದ್ರಾಸಿನ ಆಡಳಿತಕ್ಕೆ ಸೇರಿತು. ಬ್ಲಫ್ ಇರುವ ಆಚೆ ದಡ ಮಹಾರಾಜರ ಮೈಸೂರು. ಸತ್ತೇಗಾಲದ ಈಚೆ ದಡ ಮದ್ರಾಸ್ ಪ್ರಾಂತ್ಯದ ಕೋಯಮತ್ತೂರು ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗುವವರೆಗೂ ಹೀಗೆಯೇ ಇತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಒಂದೇ ಮನೆಯಲ್ಲಿ ಬಾಗಿಲು ಬದಲಾಯಿಸದೆ ಮೂರು ಜಿಲ್ಲೆಗಳಲ್ಲಿ ಬಾಳಿದ ಅಜ್ಜಿಯರು ಇಲ್ಲಿದ್ದರು.

ಹಾಗಾಗಿ ನಿಮ್ಮ ಮನೆಯ ಟ್ರಂಕಿನಲ್ಲಿ "ಕೋಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲೂಕು" ಎಂದಿರುವ ಹಳೆಯ ಕ್ರಯಪತ್ರವೋ ಶಾಲೆಯ ಸರ್ಟಿಫಿಕೇಟೋ ಸಿಕ್ಕಿದರೆ, ತಮಿಳುನಾಡಿನ ಯಾರದೋ ಕಾಗದ ಬೆರೆತಿದೆಯೆಂದು ಬಿಸಾಡಬೇಡಿ. ಅದು ನಿಮ್ಮದೇ ಊರಿನದು, 1956ಕ್ಕಿಂತ ಹಿಂದಿನದು. ಮಳವಳ್ಳಿಯ ಹುಡುಗಿ ಸತ್ತೇಗಾಲಕ್ಕೆ ಸೊಸೆಯಾಗಿ ಬಂದರೆ ಅವಳು ಹೊಳೆ ದಾಟಿ ಬೇರೆ ಸರಕಾರದ ಪ್ರಜೆಯಾಗುತ್ತಿದ್ದಳು. ಸಂಬಂಧಗಳಿಗೆ ಗಡಿ ಅಡ್ಡ ಬರಲಿಲ್ಲ, ಅಡ್ಡ ಬಂದದ್ದು ನೀರು.

ಆ ನೀರನ್ನು ದಾಟಿಸುತ್ತಿದ್ದದ್ದು ಕಲ್ಲಿನ ಸೇತುವೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಶಿವನಸಮುದ್ರದ ಜಹಗೀರುದಾರರಾದ ರಾಮಸ್ವಾಮಿ ಮೊದಲಿಯಾರ್ ಕಾಡು ಕಡಿಸಿ ಇಲ್ಲಿ ಸೇತುವೆಗಳನ್ನು ಕಟ್ಟಿಸಿದರು. ನದಿಯ ಬಂಡೆಯ ಮೇಲೆಯೇ ಕಲ್ಲಿನ ಕಂಬ ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ತೊಲೆ ಹೊರಿಸಿದ ಕೆಲಸ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟದ್ದನ್ನು ಜನ ವೆಸ್ಲಿ ಸೇತುವೆ ಎಂದರು. ಅದರ ಮೇಲೆ ಬಂದ ದಿಬ್ಬಣಗಳಿಗೆ ಲೆಕ್ಕವಿಲ್ಲ. ಹೊಸ ಸೇತುವೆ ಬಂದ ಮೇಲೆ ಅದು ಬರೀ ನೋಡುವ ವಸ್ತುವಾಯಿತು. 2018ರ ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಯಿತು. ಆ ಸೇತುವೆಯ ಮೇಲೆ ನಿಂತು ತೆಗೆಸಿದ ಚಿತ್ರ, ಅದು ಕಾಲೇಜು ಪ್ರವಾಸದ್ದೇ ಆಗಿರಲಿ, ನಿಮ್ಮಲ್ಲಿದ್ದರೆ ಈಗ ಅದೂ ದಾಖಲೆ. ನಿಂತವರ ಮುಖಕ್ಕಿಂತ ಹಿಂದಿನ ಕಂಬಗಳಿಗೆ ಬೆಲೆ ಬಂದುಬಿಟ್ಟಿದೆ!

ಇನ್ನು ಹೆಂಗಸರ ದಾಖಲೆಗಳು. ಎಲ್ಲಕ್ಕಿಂತ ಮೊದಲನೆಯದು ನಿಕಾಹ್‌ನಾಮೆ. ಊರಿನ ದೊಡ್ಡ ದೊಡ್ಡ ಲೆಕ್ಕಪುಸ್ತಕಗಳಲ್ಲಿ ಹೆಸರಿಲ್ಲದ ಹೆಣ್ಣಿಗೆ ಅಲ್ಲಿ ಹೆಸರಿದೆ. ಇಂಥವರ ಮಗಳು, ಇಂಥ ಊರಿನವಳು, ವಕೀಲರು ಇವರು, ಸಾಕ್ಷಿಗಳು ಇವರು, ಮಹರ್ ಇಷ್ಟು, ಅದೂ "ಸಿಕ್ಕಾ ರಾಯಿಜುಲ್ ವಕ್ತ್" ಅಂದರೆ ಆಗ ಚಲಾವಣೆಯಲ್ಲಿದ್ದ ನಾಣ್ಯದಲ್ಲಿ. ಉರ್ದು ಓದಲು ಬಾರದ ಹೊಸ ತಲೆಮಾರು ಅದನ್ನು ತಾವೀಜಿನ ಹಾಗೆ ಮಡಿಸಿಟ್ಟುಬಿಟ್ಟಿದೆ. ಮನೆಯದು ಕಳೆದಿದ್ದರೆ ಮಸೀದಿಯ ಅಥವಾ ಖಾಜಿಯವರ ದಫ್ತರಿನಲ್ಲಿ ಪ್ರತಿ ಇರಬಹುದು. ಮಸೀದಿ ರಿಪೇರಿಯಾದಾಗ ಹಳೆಯ ದಫ್ತರು ಎಲ್ಲಿಗೆ ಹೋಯಿತೆಂದು ಕಮಿಟಿಯವರನ್ನು ಕೇಳುವ ಹಕ್ಕು ಹೆಣ್ಣುಮಕ್ಕಳಿಗೂ ಇದೆ. ನಿಮ್ಮ ನಾನಿಯ ಹೆಸರಿರುವುದು ಅದರಲ್ಲೇ ಅಲ್ಲವೇ?

ಎರಡನೆಯದು ರೇಷ್ಮೆ. ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ಹಿಪ್ಪುನೇರಳೆ ತೋಟವಿಲ್ಲದ ಊರು ಕಡಿಮೆಯಿತ್ತು. ಮಾಂಬಳ್ಳಿ, ಸಂತೇಮರಹಳ್ಳಿಗಳಲ್ಲಿ ಸರಕಾರಿ ರೇಷ್ಮೆ ಫ್ಯಾಕ್ಟರಿಗಳಿದ್ದವು. ನಮ್ಮವರ ಮನೆಗಳಲ್ಲಿ ನೂಲು ಬಿಚ್ಚುವ ಚರಕಗಳಿದ್ದವು. ಕುದಿಯುವ ನೀರಿನಲ್ಲಿ ಗೂಡು ಹಾಕಿ ಎಳೆ ಹುಡುಕುವುದು ಬೆರಳ ತುದಿಯ ಕೆಲಸ. ಬೆರಳಿನ ಚರ್ಮ ಬೆಂದು ಸುಲಿಯುತ್ತಿತ್ತು. ಬ್ಲಫ್‌ನ ಕೆಲಸಕ್ಕೆ ಹೋದ ಗಂಡಸಿಗೆ ಪಗಾರದ ಚೀಟಿ ಸಿಕ್ಕಿತು, ಹಿತ್ತಾಳೆಯ ನಂಬರು ಬಿಲ್ಲೆ ಸಿಕ್ಕಿತು, ನಿವೃತ್ತಿಯ ದಿನ ಹಾರ ಹಾಕಿ ಗುಂಪು ಫೋಟೋ ತೆಗೆದರು. ಚರಕದ ಮುಂದೆ ಕೂತವಳಿಗೆ ಅಂಥದ್ದೇನೂ ಇಲ್ಲ. ಅವಳ ದುಡಿಮೆಗೆ ಸಾಕ್ಷಿ ಹೇಳುವುದು ಅಟ್ಟದ ಮೇಲೆ ಧೂಳು ಹಿಡಿದ ಬಿದಿರಿನ ಚಂದ್ರಿಕೆ, ಮೂಲೆಯಲ್ಲಿ ಬಿದ್ದ ಚರಕದ ಚಕ್ರ, ಮತ್ತು ಟ್ರಂಕಿನ ತಳದ ಮದುವೆಯ ಸೀರೆ.

ಆ ಸೀರೆಗೂ ಕುತ್ತು ಬಂದಿದೆ. ಹಳೆಯ ಜರಿಯಲ್ಲಿ ಬೆಳ್ಳಿ ಇರುತ್ತದೆಂದು ಬೀದಿಯಲ್ಲಿ ಕೂಗಿಕೊಂಡು ಬರುವವರು ತೂಕಕ್ಕೆ ಕೊಂಡು ಹೋಗುತ್ತಾರೆ. ಸುಟ್ಟರೆ ಬೆಳ್ಳಿ ಉಳಿಯುತ್ತದೆ, ಸೀರೆ ಉಳಿಯುವುದಿಲ್ಲ. ತಾಮ್ರದ ಬಿಂದಿಗೆ, ಹಿತ್ತಾಳೆಯ ಪಾನ್‌ದಾನ್, ಉಗಾಲ್‌ದಾನ್ ಎಲ್ಲವೂ ಇದೇ ದಾರಿಯಲ್ಲಿ ಗುಜರಿಯವರ ತಕ್ಕಡಿಗೆ ಹೋದವು. ಸ್ಟೀಲಿನ ಪಾತ್ರೆ ಬಂದ ಕಾಲದಲ್ಲಿ ನಾವೇ ಸಂತೋಷದಿಂದ ಕೊಟ್ಟೆವು. ಮಾರುವ ಅವಸರವಿದ್ದರೆ ಮಾರಿ, ಬಡತನಕ್ಕೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಆದರೆ ಮಾರುವ ಮುನ್ನ ತಳದಲ್ಲಿ ಕೊರೆದ ಹೆಸರು, ತಾರೀಖು ಇದೆಯೇ ನೋಡಿ ಅದರದೊಂದು ಚಿತ್ರ ತೆಗೆದಿಟ್ಟುಕೊಳ್ಳಿ. ತವರಿನಿಂದ ಕೊಟ್ಟ ಪಾತ್ರೆಗೆ ಹೆಸರು ಕೊರೆಸುವ ರೂಢಿ ನಮ್ಮಲ್ಲಿ ಹಳೆಯದು. ಎಷ್ಟೋ ಸಲ ಆ ಹೆಣ್ಣಿನ ಹೆಸರು ಉಳಿದಿರುವ ಜಾಗ ಅದೊಂದೇ.

ವಿದ್ಯುತ್ತಿನ ನೆನಪು ಹೇಳುವ ವಸ್ತುಗಳೂ ಇವೆ. ಒಂದು ಮನೆಯಲ್ಲಿ ತಂತಿಕಂಬದ ಹಳೆಯ ಪಿಂಗಾಣಿ ಬಟ್ಟಲನ್ನು ಬಾಗಿಲಿಗೆ ತಡೆಯಾಗಿ ಇಟ್ಟಿದ್ದರು. ಎತ್ತಿದರೆ ಕೈ ಜಗ್ಗುವ ಭಾರ. ಅದೇನೆಂದು ಮನೆಯ ಮಕ್ಕಳಿಗೆ ತಿಳಿಯದು. ಮೊದಮೊದಲು ಇಲ್ಲಿ ತಯಾರಾಗುತ್ತಿದ್ದದ್ದು 25 ಸೈಕಲ್‌ನ ವಿದ್ಯುತ್. ಇಂದು ನಮ್ಮ ಮನೆಗಳಿಗೆ ಬರುವುದು 50 ಸೈಕಲ್‌ನದು. ಆ ನಿಧಾನದ ವಿದ್ಯುತ್ತಿನಲ್ಲಿ ಬಲ್ಬು ಸಣ್ಣಗೆ ಮಿಣುಕಿದಂತೆ ಕಾಣುತ್ತಿತ್ತು. "ಆಗಿನ ಲೈಟು ನಡುಗುತ್ತಿತ್ತು" ಎಂದು ಅಜ್ಜಂದಿರು ಯಾರಾದರೂ ಹೇಳಿದ್ದರೆ ಅದು ಕಣ್ಣಿನ ದೋಷವಲ್ಲ.

ತಾರೀಖು ಇಲ್ಲದವರ ತಾರೀಖು

"ನೀವು ಹುಟ್ಟಿದ್ದು ಯಾವ ಇಸವಿ?" ಎಂದು ಅಜ್ಜಿಯನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರಶ್ನೆಯೇ ತಪ್ಪು. ಅವರ ಕ್ಯಾಲೆಂಡರ್ ಬೇರೆ. ತೇರಾ ತೇಜಿ, ಬಾರಾ ವಫಾತ್, ಶಬೆ ಬರಾತ್, ಖಾಲಿ, ಬಕ್ರೀದ್, ಹೀಗೆ ಚಾಂದಿನ ಹೆಸರಿನಲ್ಲಿ ಹೇಳುತ್ತಾರೆ. ಅದರ ಜೊತೆಗೆ ಊರಿನ ಒಂದು ಘಟನೆ ಸೇರಿಸಿದರೆ ಇಸವಿ ತಾನಾಗಿಯೇ ಹೊರಬೀಳುತ್ತದೆ.

ಒಂದು ಉದಾಹರಣೆ ನೋಡಿ. ಕಾವೇರಿಯಲ್ಲಿ ಮರೆಯಲಾಗದ ದೊಡ್ಡ ನೆರೆ ಬಂದದ್ದು 1924ರ ಜುಲೈ ಕೊನೆಯಲ್ಲಿ. ಆ ವರ್ಷ ಬಕ್ರೀದ್ ಬಿದ್ದದ್ದು ಜುಲೈ ಮಧ್ಯದಲ್ಲಿ. ಹಾಗಾದರೆ "ನಮ್ಮಮ್ಮ ಹುಟ್ಟಿದ್ದು ದೊಡ್ಡ ಹೊಳೆ ಬಂದಾಗ, ಬಕ್ರೀದ್ ಕಳೆದು ಮೊಹರಂ ಚಾಂದ್ ಕಾಣುವ ಮುಂಚೆ" ಎಂದು ಯಾರಾದರೂ ಹೇಳಿದರೆ ಆ ಮಗು ಹುಟ್ಟಿದ ವಾರವೇ ಸಿಕ್ಕಿಬಿಟ್ಟಿತು! ಕೋಲಾರಕ್ಕೆ ತಂತಿಯಲ್ಲಿ ಮೊದಲು ವಿದ್ಯುತ್ ಹರಿದ 1902ರ ಜೂನ್ ಕೊನೆ ಬಾರಾ ವಫಾತಿನ ತಿಂಗಳು. ಚಾಂದಿನ ವರ್ಷ ಪ್ರತಿ ಸಲ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಹಬ್ಬ ಮಳೆಗಾಲದಲ್ಲಿತ್ತೋ ಸುಗ್ಗಿಯಲ್ಲಿತ್ತೋ ಎಂದು ಕೇಳಿದರೂ ಲೆಕ್ಕ ಹತ್ತಿರ ಬರುತ್ತದೆ. ಹೀಗೆ ಹಿಡಿಯಬಹುದಾದ ಗುರುತುಗಳು ಇನ್ನೂ ಇವೆ. ಕೊಳ್ಳೇಗಾಲ ಮೈಸೂರಿಗೆ ಸೇರಿದ ವರ್ಷ 1956. ಆಣೆ ಹೋಗಿ ನಯಾಪೈಸೆ ಬಂದದ್ದು 1957. ಹಡಗಿನಲ್ಲಿ ಹಜ್‌ಗೆ ಹೋದವರಾದರೆ 1995ರ ಒಳಗೆ, ಏಕೆಂದರೆ ಬೊಂಬಾಯಿಂದ ಹಜ್ ಹಡಗು ಹೊರಟದ್ದು ಆ ವರ್ಷವೇ ಕೊನೆ. ಕುರ್‌ಆನಿನ ಗಿಲಾಫಿನ ಒಳಗೆ, ಹಳೆಯ ಜಂತ್ರಿಯ ಖಾಲಿ ಹಾಳೆಯಲ್ಲಿ ಮಕ್ಕಳು ಹುಟ್ಟಿದ ದಿನ ಗುರುತು ಹಾಕಿಟ್ಟಿರುವ ಮನೆಗಳೂ ಇವೆ. ಅಲ್ಲೂ ಒಮ್ಮೆ ಕಣ್ಣಾಡಿಸಿ.

ಚಿತ್ರಗಳು ತಾವಾಗಿಯೂ ಸುಳಿವು ಕೊಡುತ್ತವೆ. ದಪ್ಪ ರಟ್ಟಿಗೆ ಅಂಟಿಸಿ ಕೆಳಗೆ ಸ್ಟುಡಿಯೋ ಹೆಸರು ಒತ್ತಿದ್ದರೆ ಬಹಳ ಹಳೆಯದು. ಅಂಚು ಕಚ್ಚುಕಚ್ಚಾಗಿ ಕತ್ತರಿಸಿದ ಸಣ್ಣ ಕಪ್ಪು ಬಿಳುಪು ಚಿತ್ರ ಹೆಚ್ಚಾಗಿ 1940ರಿಂದ 60ರ ದಶಕದ್ದು. ವಿಚಿತ್ರವೆಂದರೆ ಈ ಮುದುಕ ಚಿತ್ರಗಳೇ ಗಟ್ಟಿ. ನಿಮ್ಮ ನಿಮ್ಮ ಮದುವೆಯ 1970, 80ರ ದಶಕದ ಬಣ್ಣದ ಚಿತ್ರಗಳನ್ನು ತೆಗೆದು ನೋಡಿ, ಎಲ್ಲವೂ ಕೆಂಪಡರಿರುತ್ತವೆ. ಮೊದಲು ಕಾಪಿ ಮಾಡಿಸಬೇಕಾದದ್ದು ಅವನ್ನೇ.

ಕಾಪಾಡುವುದಕ್ಕೆ ದೊಡ್ಡ ಖರ್ಚೇನೂ ಬೇಡ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದರೆ ಬಿಡಿಸಲಾಗದು. ಅಂಟು ಹಾಳೆಯ ಪ್ಲಾಸ್ಟಿಕ್ ಆಲ್ಬಮ್‌ನಲ್ಲಿರುವುದನ್ನು ನಿಧಾನವಾಗಿ ಬಿಡಿಸಿ ಕಾಗದದ ಲಕೋಟೆಗೆ ಹಾಕಿ. ಗೋಡೆಗೆ ಅಂಟಿಕೊಂಡ ಚೌಕಟ್ಟಿಗೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ, ಇಳಿಸಿಡಿ. ಹಿಂಬದಿಯಲ್ಲಿ ಪೆನ್ನಿನಿಂದ ಬರೆಯಬೇಡಿ, ಮೆತ್ತಗಿನ ಪೆನ್ಸಿಲ್ ಸಾಕು. ಮೊಬೈಲಿನಲ್ಲಿ ಕಾಪಿ ತೆಗೆಯುವುದಾದರೆ ಅಸರ್ ನಮಾಜಿನ ಹೊತ್ತಿಗೆ, ಬಿಸಿಲು ನೇರ ಬೀಳದ ಕಿಟಕಿಯ ಬಳಿ, ಚಿತ್ರವನ್ನು ಗಾಜಿನಿಂದ ಹೊರತೆಗೆದು ಮೇಜಿನ ಮೇಲಿಟ್ಟು ತೆಗೆಯಿರಿ. ಹಿಂಬದಿಯದೂ ಒಂದು ತೆಗೆಯಿರಿ.

ಮುಂದಿನ ಈದ್‌ಗೆ ಎಲ್ಲರೂ ಸೇರಿದಾಗ ಆಲ್ಬಮ್ಮನ್ನು ಗಂಡಸರ ಕಡೆಗಲ್ಲ, ಮನೆಯ ಅತಿ ಹಿರಿಯ ಹೆಂಗಸಿನ ಮಡಿಲಿಗೆ ಇಡಿ. ಪಕ್ಕದಲ್ಲಿ ಮೊಬೈಲಿನ ರೆಕಾರ್ಡಿಂಗ್ ಹಾಕಿಟ್ಟು, ಮಧ್ಯೆ ಯಾರೂ "ಅದು ಹಾಗಲ್ಲ" ಎಂದು ತಿದ್ದದಂತೆ ನೋಡಿಕೊಳ್ಳಿ. ಕುರ್ಚಿಯಲ್ಲಿ ಕೂತವರ ಹೆಸರು ನಿಮಗೆ ಗೊತ್ತೇ ಇದೆ. ಬಾಗಿಲ ಹಿಂದೆ ಯಾರಿದ್ದರು ಎಂದು ಕೇಳಿ.